ಅಠಾರ ಕಚೇರಿ ಮತ್ತು ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಕೋರ್ಟ್ ಕಟ್ಟಡವನ್ನೂ ಹಳೆಯ ಜೈಲನ್ನೂ ಒಟ್ಟಿಗೆ ಏಕೆ ವಿವರಿಸುತ್ತೀರಿ?

ಬೆಂಗಳೂರಿನ ವಿಧಾನಸೌಧದ ಎದುರಿಗಿರುವ ಕೆಂಪು ಕಟ್ಟಡ (ಇಂದು ಹೈಕೋರ್ಟ್ ಆಗಿರುವ ಅಠಾರ ಕಚೇರಿ) ಮತ್ತು ಶೇಷಾದ್ರಿ ರಸ್ತೆಯಲ್ಲಿ ಈಗ ಫ್ರೀಡಂ ಪಾರ್ಕ್ ಎಂದು ಕರೆಯಲಾಗುವ ಹಳೆಯ ಸೆಂಟ್ರಲ್ ಜೈಲು ಒಂದೇ ದಶಕದಲ್ಲಿ ರೂಪುಗೊಂಡವು. 1860ರ ದಶಕದ ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಕಮಿಷನರ್ ಆಡಳಿತವಿತ್ತು. ಆ ಆಡಳಿತಕ್ಕೆ ದಫ್ತರಗಳನ್ನು ಒಂದೆಡೆ ಸೇರಿಸಲು ಒಂದು ಕಟ್ಟಡ ಬೇಕಾಗಿತ್ತು, ಶಿಕ್ಷೆಗೆ ಒಳಗಾದವರನ್ನು ಒಂದೆಡೆ ಇರಿಸಲು ಇನ್ನೊಂದು ಬೇಕಾಗಿತ್ತು. ನಡೆದು ಹೋದರೆ ಅರ್ಧ ಗಂಟೆಯೂ ಹಿಡಿಯದ ಅಂತರದಲ್ಲಿರುವ ಈ ಎರಡನ್ನೂ ಬಿಡಿಬಿಡಿಯಾಗಿ ನೋಡಿದವರಿಗೆ ಒಂದರಲ್ಲಿ ಸುಂದರವಾದ ಕಂಬಗಳು, ಇನ್ನೊಂದರಲ್ಲಿ ಎತ್ತರದ ಗೋಡೆಗಳು ಮಾತ್ರ ಕಾಣುತ್ತವೆ. ಆದರೆ 1975ರಲ್ಲಿ ಆ ಗೋಡೆಗಳ ಒಳಗಿದ್ದವರು ಈ ಕಂಬಗಳ ಕಟ್ಟಡಕ್ಕೆ ಬಂದು ತಮ್ಮ ಬಿಡುಗಡೆಯನ್ನು ಕೇಳಿದರು. ಆ ಒಂದು ಪ್ರಕರಣಕ್ಕಾಗಿಯಾದರೂ ಇವೆರಡರ ಚರಿತ್ರೆಯನ್ನು ಜೊತೆಯಾಗಿ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಅಠಾರ ಕಚೇರಿ’ ಎಂಬ ಹೆಸರು ಹೇಗೆ ಬಂತು?

ಹಿಂದೂಸ್ತಾನಿಯಲ್ಲಿ ಅಠಾರ ಎಂದರೆ ಹದಿನೆಂಟು. ಹದಿನೆಂಟು ಇಲಾಖೆಗಳ ಕಚೇರಿಗಳು ಒಂದೇ ಸೂರಿನಡಿ ಇದ್ದುದರಿಂದ ಈ ಹೆಸರು. ಹದಿನೆಂಟು ಎಂಬ ಲೆಕ್ಕ ಮಾತ್ರ ಈ ಕಟ್ಟಡಕ್ಕಿಂತ ಬಹಳ ಹಳೆಯದು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಮೊಗಲ್ ಬಾದಶಹ ಔರಂಗಜೇಬನ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳುಹಿಸಿದ ಮೇಲೆ, ಅಲ್ಲಿನ ಪದ್ಧತಿಯನ್ನು ಅನುಸರಿಸಿ ತಮ್ಮ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರು ಎಂಬುದು ಮೈಸೂರಿನ ಇತಿಹಾಸಕಾರರು ಪರಂಪರೆಯಿಂದ ಹೇಳಿಕೊಂಡು ಬಂದಿರುವ ವಿವರಣೆ. ಹದಿನೆಂಟು ಚಾವಡಿಗಳು ಎಂದೂ ಇವನ್ನು ಕರೆಯುತ್ತಿದ್ದರು. ಒಡೆಯರು, ಹೈದರ್, ಟಿಪ್ಪು, ದಿವಾನರು, ಕಮಿಷನರುಗಳು ಹೀಗೆ ಆಳುವವರು ಬದಲಾಗುತ್ತ ಹೋದರೂ ಹೆಸರು ಉಳಿಯಿತು. ಬ್ರಿಟಿಷರು ಅಧಿಕೃತವಾಗಿ ಇದನ್ನು ‘ಪಬ್ಲಿಕ್ ಆಫೀಸಸ್’ ಎಂದು ಕರೆದರೂ, ಅರ್ಜಿ ಹಿಡಿದು ಮೆಟ್ಟಿಲು ಹತ್ತಿದ ಜನ ತಮಗೆ ಗೊತ್ತಿದ್ದ ಹಳೆಯ ಹೆಸರನ್ನೇ ಬಳಸಿದರು. ಕನ್ನಡದಲ್ಲಿ ‘ಕೋರ್ಟು ಕಚೇರಿ’ ಎಂದು ಎರಡು ಪದಗಳನ್ನು ಜೋಡಿಸಿ ಹೇಳುವ ರೂಢಿಯಿದೆ. ಈ ಒಂದು ಕಟ್ಟಡದ ಮಟ್ಟಿಗೆ ಆ ಜೋಡಿಪದ ಅಕ್ಷರಶಃ ನಿಜ, ಏಕೆಂದರೆ ಇದು ಮೊದಲು ಕಚೇರಿಯಾಗಿತ್ತು, ಆಮೇಲೆ ಕೋರ್ಟಾಯಿತು.

ಈ ಕಟ್ಟಡಕ್ಕಿಂತ ಮುಂಚೆ ಸರ್ಕಾರಿ ಕಚೇರಿಗಳು ಎಲ್ಲಿದ್ದವು?

ಕೋಟೆಯ ಬಳಿ, ಟಿಪ್ಪುವಿನ ಅರಮನೆಯಲ್ಲಿ. ಹೈದರ್ ಅಲಿ ಆರಂಭಿಸಿ ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ, ತೇಗದ ಕಂಬಗಳ ಎರಡಂತಸ್ತಿನ ಬೇಸಿಗೆ ಅರಮನೆ ಅದು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡು ರಾಜಧಾನಿಯ ವ್ಯವಹಾರಗಳನ್ನು ಮೈಸೂರಿನಿಂದ ಬೆಂಗಳೂರಿಗೆ ತಂದಾಗ, ದಫ್ತರಗಳನ್ನು ಇಡಲು ಸಿಕ್ಕ ದೊಡ್ಡ ಕಟ್ಟಡ ಅದೊಂದೇ ಆಗಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ, ಬಹುಪಾಲು ಕಮಿಷನರ್ ಮಾರ್ಕ್ ಕಬ್ಬನ್ ಅವರ ಅವಧಿಯಲ್ಲಿ, ಸಂಸ್ಥಾನದ ಕಾಗದಪತ್ರಗಳೆಲ್ಲ ಆ ಮರದ ಕಂಬಗಳ ನಡುವೆಯೇ ಓಡಾಡಿದವು. 1868ರಲ್ಲಿ ಹೊಸ ಕಟ್ಟಡ ಸಿದ್ಧವಾದ ಮೇಲೆ ಕಚೇರಿಗಳು ಅಲ್ಲಿಂದ ಹೊರಟವು.

ಅಠಾರ ಕಚೇರಿಯನ್ನು ಕಟ್ಟಿಸಿದವರು ಯಾರು, ಕಟ್ಟಿದವರು ಯಾರು?

1862ರಿಂದ 1870ರವರೆಗೆ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಆಡಳಿತದಲ್ಲಿ, 1864ರಲ್ಲಿ ಕೆಲಸ ಆರಂಭವಾಗಿ 1868ರಲ್ಲಿ ಮುಗಿಯಿತು. ನಕ್ಷೆ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅವರದು. ಇಂದಿಗೂ ಬೆಂಗಳೂರಿಗರು ಸಂಜೆ ವಾಯುವಿಹಾರಕ್ಕೆ ಹೋಗುವ ಸ್ಯಾಂಕಿ ಕೆರೆಯ ಹೆಸರಿನಲ್ಲಿ ಉಳಿದಿರುವವರು ಇವರೇ. ಕಸ್ತೂರಬಾ ರಸ್ತೆಯ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯದ ಹಿಂದೆಯೂ ಅವರ ಕೈ ಇದೆ. ಕಬ್ಬನ್ ಪಾರ್ಕನ್ನು ರೂಪಿಸಿದವರೂ ಅವರೇ.

ಕಟ್ಟುವ ಗುತ್ತಿಗೆ ಪಡೆದವರು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ದಂಡು (ಕಂಟೋನ್ಮೆಂಟ್) ಪ್ರದೇಶದ ಜನರಿಗೆ ಅವರ ಹೆಸರು ಗುತ್ತಿಗೆದಾರಿಕೆಗಿಂತ ಹೆಚ್ಚಾಗಿ ಶಾಲೆಗಳಿಂದ ಪರಿಚಿತ. ಬಡ ಮಕ್ಕಳ ಓದಿಗಾಗಿ ಅವರು 1873ರಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತು ಇಂದಿಗೂ ನಡೆಯುತ್ತಿದೆ. ಕಲ್ಲು ಹೊತ್ತ, ಗಾರೆ ಕಲಸಿದ ಸಾವಿರಾರು ಕೈಗಳ ಹೆಸರುಗಳು ನಮಗೆ ದಕ್ಕಿಲ್ಲ. ನಕ್ಷೆ ಬರೆದವರ ಹೆಸರಿನಲ್ಲೇ ಕಟ್ಟಡವನ್ನು ನೆನೆಯುವ ರೂಢಿಯಲ್ಲಿ ಈ ಕೊರತೆ ಸದಾ ಉಳಿಯುತ್ತದೆ.

ಇದರ ವಾಸ್ತುಶೈಲಿ ಯಾವುದು? ಗುರುತಿಸುವುದು ಹೇಗೆ?

ಪ್ರಾಚೀನ ಗ್ರೀಸ್ ಮತ್ತು ರೋಮಿನ ಕಟ್ಟಡಗಳ ಮಾದರಿಯನ್ನು ಅನುಸರಿಸಿದ ಶೈಲಿ ಇದು. ಯೂರೋಪಿನಲ್ಲಿ ಆ ಕಾಲದಲ್ಲಿ ಸರ್ಕಾರದ ಗಾಂಭೀರ್ಯವನ್ನು ತೋರಿಸಬೇಕಾದ ಕಟ್ಟಡಗಳಿಗೆ ಈ ರೂಪವನ್ನು ಕೊಡುವುದು ವಾಡಿಕೆಯಾಗಿತ್ತು. ಕಲ್ಲು ಮತ್ತು ಇಟ್ಟಿಗೆಯಿಂದ ಎದ್ದ ಈ ಎರಡಂತಸ್ತಿನ ಕಟ್ಟಡ ಎತ್ತರಕ್ಕಿಂತ ಉದ್ದಕ್ಕೇ ಹೆಚ್ಚು ಚಾಚಿಕೊಂಡಿದೆ. ನಡುವಿನಲ್ಲಿ ಒಂದು, ಎರಡು ತುದಿಗಳಲ್ಲಿ ಒಂದೊಂದು, ಹೀಗೆ ಮೂರು ಕಡೆ ಮುಂದಕ್ಕೆ ಬಂದಿರುವ ಕಂಬಗಳ ಮುಖಮಂಟಪಗಳೇ ಅದರ ಮುಖ್ಯ ಲಕ್ಷಣ. ಕಂಬಗಳ ತಲೆಯನ್ನು ಗಮನಿಸಿ ನೋಡಿ. ಟಗರಿನ ಕೊಂಬಿನಂತೆ ಎರಡೂ ಬದಿಗೆ ಸುರುಳಿ ಸುತ್ತಿಕೊಂಡಿರುವ ಬೋದಿಗೆಗಳು ಕಾಣುತ್ತವೆ. ಗ್ರೀಕ್ ವಾಸ್ತುವಿನಲ್ಲಿ ಇದಕ್ಕೆ ಅಯೋನಿಕ್ ಎಂದು ಹೆಸರು. ಮೂರು ಮುಖ್ಯ ಬಗೆಗಳಲ್ಲಿ ಡೋರಿಕ್ ಕಂಬ ಅಲಂಕಾರವಿಲ್ಲದ್ದು, ಕೊರಿಂಥಿಯನ್ ಕಂಬ ಎಲೆಬಳ್ಳಿಗಳಿಂದ ತುಂಬಿದ್ದು, ಅಯೋನಿಕ್ ಇವೆರಡರ ನಡುವಿನದು.

ನಮ್ಮ ಹೊಯ್ಸಳ ಗುಡಿಗಳ ತಿರುಗಣೆ ಕಂಬಗಳನ್ನು ನೋಡಿ ಬೆಳೆದ ಕಣ್ಣಿಗೆ ಇದು ಮೊದಲು ಬಡವಾಗಿ ಕಾಣಬಹುದು. ಇಲ್ಲಿ ಶಿಲ್ಪಿಯ ಕುಸುರಿಗೆ ಅವಕಾಶ ಕಡಿಮೆ. ಒಂದೇ ಅಳತೆಯ ಕಂಬ, ಒಂದೇ ಅಂತರ, ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಆ ಸಮತೂಕದಲ್ಲೇ ಕಟ್ಟಡದ ಸೊಗಸಿದೆ. ಬೆಳಗಿನ ಬಿಸಿಲು ಕಂಬಗಳ ನಡುವೆ ಬಿದ್ದು ಒಳಗೋಡೆಯ ಮೇಲೆ ನೆರಳಿನ ಪಟ್ಟೆಗಳು ಮೂಡುವಾಗ ಅದನ್ನು ಒಮ್ಮೆ ನೋಡಿದವರು ಈ ಮಾತನ್ನು ಒಪ್ಪುತ್ತಾರೆ. ಹಾಗೆಂದು ಕಂಬಸಾಲುಗಳು ಬರಿಯ ಶೋಭೆಗಾಗಿ ಬಂದವಲ್ಲ. ಅವುಗಳ ಹಿಂದಿನ ಮೊಗಸಾಲೆ ಮಳೆಯ ಇರಿಚಲನ್ನೂ ನೇರ ಬಿಸಿಲನ್ನೂ ಕೋಣೆಗಳಿಂದ ದೂರವಿಡುತ್ತದೆ, ಮತ್ತು ತಮ್ಮ ಸರದಿಗಾಗಿ ಕಾಯುವವರಿಗೆ ನಿಲ್ಲಲು ನೆರಳು ಕೊಡುತ್ತದೆ.

ನಡುವಿನ ಸಭಾಂಗಣದ ಮೇಲ್ಛಾವಣಿಯಲ್ಲಿ ಮಾರ್ಕ್ ಕಬ್ಬನ್ ಅವರ ಭಾವಚಿತ್ರವಿದೆ.

ಕೆಂಪು ಬಣ್ಣವೇ ಏಕೆ?

ಇಟಲಿಯ ಪಾಂಪೆ ನಗರ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿ, 18ನೇ ಶತಮಾನದಲ್ಲಿ ಉತ್ಖನನದಿಂದ ಮತ್ತೆ ಬೆಳಕಿಗೆ ಬಂದಾಗ, ಅಲ್ಲಿನ ಮನೆಗಳ ಗೋಡೆಗಳಲ್ಲಿ ಕಂಡ ಗಾಢವಾದ ಕೆಂಪು ಯೂರೋಪಿನವರ ಮನಸ್ಸನ್ನು ಸೆಳೆಯಿತು. ಪಾಂಪೆ ಕೆಂಪು ಎಂದೇ ಆ ಬಣ್ಣಕ್ಕೆ ಹೆಸರು ಬಂತು. ಅಠಾರ ಕಚೇರಿಗೆ ಬಳಿದಿರುವುದು ಆ ಬಣ್ಣ. ಹತ್ತಿರದ ವಸ್ತುಸಂಗ್ರಹಾಲಯವೂ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೂ (ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯ) ಅದೇ ಕೆಂಪಿನಲ್ಲಿವೆ. ಸುತ್ತಲಿನ ಮರಗಳ ಹಸಿರಿನ ನಡುವೆ ಈ ಕೆಂಪು ಎದ್ದು ಕಾಣುವ ಪರಿ ಬೆಂಗಳೂರಿನ ಗುರುತುಗಳಲ್ಲಿ ಒಂದಾಗಿಬಿಟ್ಟಿದೆ.

ಉದ್ಯಾನ ಮೊದಲೋ, ಕಟ್ಟಡ ಮೊದಲೋ?

ಕಟ್ಟಡ ಮೊದಲು. ಉದ್ಯಾನ ಬಂದದ್ದು 1870ರಲ್ಲಿ. ಆಗ ಹಂಗಾಮಿ ಕಮಿಷನರ್ ಆಗಿದ್ದ ಜಾನ್ ಮೀಡ್ ಅವರ ಹೆಸರಿನಲ್ಲಿ ಅದು ಮೀಡ್ಸ್ ಪಾರ್ಕ್ ಆಗಿತ್ತು, ನಂತರ ಕಬ್ಬನ್ ಪಾರ್ಕ್ ಆಯಿತು.

ಕಟ್ಟಡದ ಮುಂದೆ ಕುದುರೆಯ ಮೇಲೆ ಕುಳಿತಿದ್ದ ಕಬ್ಬನ್ ಪ್ರತಿಮೆ ಎಲ್ಲಿ ಹೋಯಿತು?

ಕಾರ್ಲೊ ಮಾರೊಚೆಟ್ಟಿ ಎಂಬ ಶಿಲ್ಪಿ ರೂಪಿಸಿದ ಆ ಪ್ರತಿಮೆ 1866ರದು. ಮೊದಲು ದಂಡಿನ ಪರೇಡ್ ಮೈದಾನದಲ್ಲಿದ್ದು, ಆಮೇಲೆ ಅಠಾರ ಕಚೇರಿಯ ಮುಂದಕ್ಕೆ ಬಂತು. 2020ರಲ್ಲಿ ಅದನ್ನು ಹೈಕೋರ್ಟ್ ಆವರಣದಿಂದ ಕಬ್ಬನ್ ಪಾರ್ಕಿನ ಒಳಗಿನ ಬ್ಯಾಂಡ್‌ಸ್ಟ್ಯಾಂಡ್ ಕಡೆಗೆ ಸಾಗಿಸಲಾಯಿತು. ಈಗ ಅದನ್ನು ಹತ್ತಿರದಿಂದ ನೋಡಲು ಯಾರ ಅನುಮತಿಯೂ ಬೇಕಿಲ್ಲ.

ಕಚೇರಿಯಾಗಿದ್ದ ಕಟ್ಟಡ ಹೈಕೋರ್ಟ್ ಆದದ್ದು ಯಾವಾಗ?

ಮೈಸೂರು ಸಂಸ್ಥಾನದ ಉನ್ನತ ನ್ಯಾಯಾಲಯಕ್ಕೆ ಕಟ್ಟಡದ್ದಕ್ಕಿಂತ ಬೇರೆಯಾದ ಒಂದು ಚರಿತ್ರೆಯಿದೆ. ಕಮಿಷನರ್ ಆಡಳಿತದಲ್ಲಿ ಜುಡೀಷಿಯಲ್ ಕಮಿಷನರ್ ಅವರ ನ್ಯಾಯಾಲಯವೇ ಅತ್ಯುನ್ನತವಾಗಿತ್ತು. 1881ರಲ್ಲಿ ಆಡಳಿತ ಮರಳಿ ಚಾಮರಾಜೇಂದ್ರ ಒಡೆಯರ ಕೈಗೆ ಬಂದ ಮೇಲೆ, 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಟಿ.ಆರ್.ಎ. ತಂಬುಚೆಟ್ಟಿಯವರು ಅದರ ಮೊದಲ ಭಾರತೀಯ ಮುಖ್ಯ ನ್ಯಾಯಾಧೀಶರಾದರು. 1930ರಲ್ಲಿ ಚೀಫ್ ಕೋರ್ಟ್ ಮೈಸೂರು ಹೈಕೋರ್ಟ್ ಎಂಬ ಹೆಸರು ಪಡೆಯಿತು.

ಸ್ವಾತಂತ್ರ್ಯದ ಬಳಿಕ ಸಚಿವಾಲಯಕ್ಕೆ ಅಠಾರ ಕಚೇರಿ ಸಾಲದಾಯಿತು. ಎದುರಿನ ಜಾಗದಲ್ಲಿ 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ಕೆಂಗಲ್ ಹನುಮಂತಯ್ಯನವರ ಛಲದಿಂದ ಅದು ಇಂದಿನ ಭವ್ಯ ರೂಪ ಪಡೆದು 1956ರಲ್ಲಿ ಮುಗಿಯಿತು. ಸಚಿವಾಲಯ ರಸ್ತೆ ದಾಟಿತು, ಕೆಂಪು ಕಟ್ಟಡ ನ್ಯಾಯಾಲಯದ ಪಾಲಾಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದಾಗ ಇದೂ ಕರ್ನಾಟಕ ಹೈಕೋರ್ಟ್ ಆಯಿತು. ಉತ್ತರ ಕರ್ನಾಟಕದ ಕಕ್ಷಿದಾರರು ರಾತ್ರಿಯಿಡೀ ರೈಲು, ಬಸ್ಸುಗಳಲ್ಲಿ ಕುಳಿತು ಈ ಒಂದು ಕಟ್ಟಡಕ್ಕೇ ಬರಬೇಕಾಗಿದ್ದ ಕಷ್ಟ 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಆರಂಭವಾಗುವ ತನಕ ಇತ್ತು. 2013ರಲ್ಲಿ ಅವು ಕಾಯಂ ಪೀಠಗಳಾದವು.

ವಿಧಾನಸೌಧವನ್ನು ಕೈದಿಗಳು ಕಟ್ಟಿದರು ಎಂಬುದು ನಿಜವೇ?

ವಿಧಾನಸೌಧದ ಕಟ್ಟೋಣದಲ್ಲಿ ಕೈದಿಗಳು ದುಡಿದದ್ದು ನಿಜ. ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರ ಜೊತೆಗೆ ಸೆರೆಮನೆಯಲ್ಲಿದ್ದವರೂ ಅಲ್ಲಿ ಕೂಲಿಗಳಾಗಿ ದುಡಿದರು. ಪ್ರವೇಶದ್ವಾರದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿರುವ ಆ ಕಟ್ಟಡದ ಬೂದು ಕಲ್ಲುಗಳಲ್ಲಿ ಅವರ ಬೆವರೂ ಸೇರಿದೆ.

ಅಠಾರ ಕಚೇರಿಯನ್ನು ಕೆಡವಲು ಹೊರಟಿದ್ದರೆ?

ಹೌದು. 1982ರಲ್ಲಿ ಇದನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ಯೋಚನೆ ಬಲವಾಗಿತ್ತು. ನ್ಯಾಯಾಲಯಕ್ಕೆ ಜಾಗ ಸಾಲದು ಎಂಬ ದೂರು ಸುಳ್ಳಾಗಿರಲಿಲ್ಲ. ಆದರೆ ಜಾಗದ ಕೊರತೆಗೆ ಕಟ್ಟಡವನ್ನೇ ಬಲಿ ಕೊಡಬೇಕೆಂಬ ಪರಿಹಾರವನ್ನು ನಗರದ ಜನ ಒಪ್ಪಲಿಲ್ಲ. ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಟ್ಟಡ ಉಳಿಯಬೇಕೇ ಬೇಡವೇ ಎಂಬ ವಾದ ಅದೇ ಕಟ್ಟಡದ ಒಳಗೆ ನಡೆಯಿತು. ಕಾನೂನಿನ ವಾದಕ್ಕಿಂತ ಹೆಚ್ಚಾಗಿ ಜನಾಭಿಪ್ರಾಯದ ಒತ್ತಡವೇ ಕೊನೆಗೆ ಕಟ್ಟಡವನ್ನು ಕಾಪಾಡಿತು ಎಂದು ಹೇಳಬೇಕು. ಮುಂದೆ ಅದರ ದುರಸ್ತಿಯಾಯಿತು, ಹಿಂಭಾಗದಲ್ಲಿ ಹೊಸ ವಿಭಾಗಗಳು ಅದೇ ಕೆಂಪು ಬಣ್ಣದಲ್ಲಿ ಎದ್ದವು. ಹಳೆಯದನ್ನು ಉಳಿಸಿದ್ದಕ್ಕೆ ಕಬ್ಬನ್ ಪಾರ್ಕಿನ ಬದಿಯ ಸ್ವಲ್ಪ ಹಸಿರು ಬೆಲೆಯಾಗಿ ಹೋಯಿತು ಎಂಬುದನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಹಳೆಯ ಕಟ್ಟಡವೊಂದಕ್ಕಾಗಿ ಜನರು ಹೀಗೆ ಒಟ್ಟಾಗಿ ನಿಂತ ಮೊದಲ ಸಂದರ್ಭಗಳಲ್ಲಿ ಇದೊಂದು.

ಇನ್ನು ಜೈಲಿನ ವಿಷಯ. ‘ಸೆಂಟ್ರಲ್’ ಜೈಲು ಎಂದರೆ ಏನು?

ಕಂಪನಿ ಸರ್ಕಾರ 1836ರಲ್ಲಿ ಬಂದೀಖಾನೆಗಳ ಶಿಸ್ತನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಮೆಕಾಲೆ ಅದರ ಸದಸ್ಯರಾಗಿದ್ದರು. 1838ರಲ್ಲಿ ಬಂದ ಅದರ ವರದಿ, ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದವರನ್ನು ಜಿಲ್ಲೆಗಳ ಸಣ್ಣ ಜೈಲುಗಳಲ್ಲಿ ಚದುರಿಸಿ ಇಡುವ ಬದಲು ದೊಡ್ಡ ಕೇಂದ್ರ ಜೈಲುಗಳಲ್ಲಿ ಸೇರಿಸಬೇಕೆಂದು ಹೇಳಿತು. ಅಲ್ಲಿಯ ತನಕ ಕೈದಿಗಳನ್ನು ಸರಪಳಿ ಹಾಕಿ ರಸ್ತೆ ಕೆಲಸಕ್ಕೆ ಹಚ್ಚುವುದು ಸಾಮಾನ್ಯವಾಗಿತ್ತು. ಸಮಿತಿ ಅದನ್ನು ಮೆಚ್ಚಲಿಲ್ಲ. ಕರುಣೆ ಅದರ ಕಾರಣವಾಗಿರಲಿಲ್ಲ. ಗೋಡೆಯ ಒಳಗಿನ ಏಕತಾನದ ದುಡಿಮೆ ಇನ್ನೂ ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದು ಅದರ ನಂಬಿಕೆಯಾಗಿತ್ತು. ಮೊದಲ ಕೇಂದ್ರ ಜೈಲು 1846ರಲ್ಲಿ ಆಗ್ರಾದಲ್ಲಿ ಆರಂಭವಾಯಿತು. ಅದೇ ಆಲೋಚನೆ 1860ರ ದಶಕದಲ್ಲಿ ಬೌರಿಂಗ್ ಅವರ ಆಡಳಿತದ ಮೂಲಕ ಬೆಂಗಳೂರಿಗೆ ಬಂದು, ಪೇಟೆಗೂ ದಂಡಿಗೂ ನಡುವಿನ ಬಯಲಿನಲ್ಲಿ ಸೆಂಟ್ರಲ್ ಜೈಲು ಎದ್ದಿತು. ಇಂದು ಆ ಜಾಗ ಊರಿನ ನಟ್ಟನಡುವೆ ಇದೆ.

ಜೈಲಿನ ನಕ್ಷೆ ಬಂಡಿಯ ಗಾಲಿಯಂತೆ ಇರುವುದು ಏಕೆ?

ಒಬ್ಬನೇ ಕಾವಲುಗಾರ ಅನೇಕರ ಮೇಲೆ ಕಣ್ಣಿಡಲು. ನಡುವೆ ಕಾವಲು ಗೋಪುರ, ಅದು ಗಾಲಿಯ ಗುಂಭ. ಅಲ್ಲಿಂದ ಹೊರಡುವ ಅರಗಳ ಹಾಗೆ ಕೈದಿಗಳ ಉದ್ದನೆಯ ಬ್ಯಾರಕ್‌ಗಳು. ಗೋಪುರದ ಮೇಲೆ ನಿಂತವನಿಗೆ ಎರಡು ಬ್ಯಾರಕ್‌ಗಳ ನಡುವಿನ ಅಂಗಳಗಳೆಲ್ಲ ಕತ್ತು ಹೊರಳಿಸಿದಷ್ಟಕ್ಕೇ ಕಾಣುತ್ತವೆ. ಈ ಮಾದರಿಯನ್ನು 1829ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜೈಲು ಪ್ರಸಿದ್ಧಗೊಳಿಸಿತು. 1842ರ ಲಂಡನ್ನಿನ ಪೆಂಟನ್‌ವಿಲ್ ಜೈಲು ಅದನ್ನು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. 1906ರಲ್ಲಿ ಪೂರ್ಣಗೊಂಡ ಪೋರ್ಟ್ ಬ್ಲೇರ್‌ನ ಸೆಲ್ಯುಲಾರ್ ಜೈಲಿನ ಏಳು ರೆಕ್ಕೆಗಳೂ ಇದೇ ವಂಶದವು.

ಇದನ್ನು ಕೆಲವರು ಪನಾಪ್ಟಿಕಾನ್ ಎನ್ನುತ್ತಾರೆ. ಅದು ಸರಿಯೇ?

ಪೂರ್ತಿ ಸರಿಯಲ್ಲ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 18ನೇ ಶತಮಾನದ ಕೊನೆಯಲ್ಲಿ ಕಲ್ಪಿಸಿದ ಪನಾಪ್ಟಿಕಾನ್‌ನಲ್ಲಿ ಒಂಟಿ ಕೋಣೆಗಳು ವೃತ್ತಾಕಾರವಾಗಿ ನಿಂತು ನಡುವಿನ ಗೋಪುರದ ಕಡೆಗೆ ತೆರೆದಿರುತ್ತವೆ. ಗೋಪುರದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂಬುದು ಕೈದಿಗೆ ತಿಳಿಯದು. ಆದ್ದರಿಂದ ಯಾವಾಗಲೂ ತನ್ನನ್ನು ನೋಡುತ್ತಿದ್ದಾರೆ ಎಂದೇ ಭಾವಿಸಿ ಆತ ನಡೆಯುತ್ತಾನೆ. ಬೆಂಗಳೂರಿನ ಜೈಲಿನಲ್ಲಿ ಗೋಪುರದಿಂದ ಕಾಣುತ್ತಿದ್ದುದು ಅಂಗಳಗಳು ಮಾತ್ರ, ಪ್ರತಿಯೊಬ್ಬ ಕೈದಿಯ ಮುಖವಲ್ಲ. ಕೈದಿಗಳು ಹೆಚ್ಚಾಗಿ ಒಟ್ಟಾಗಿ ಬ್ಯಾರಕ್‌ಗಳಲ್ಲಿ ಮಲಗುತ್ತಿದ್ದರು. ಭಾರತದ ಬಹುಪಾಲು ಜೈಲುಗಳು ಹೀಗೆಯೇ ಇದ್ದವು, ಏಕೆಂದರೆ ಪ್ರತಿ ಕೈದಿಗೂ ಬೇರೆ ಕೋಣೆ ಕಟ್ಟುವಷ್ಟು ಹಣ ವ್ಯಯಿಸಲು ಸರ್ಕಾರ ಸಿದ್ಧವಿರಲಿಲ್ಲ. ಬೆಂಥಮ್ ಅವರ ಆಲೋಚನೆ ಇಲ್ಲಿ ನೆರಳಿನಂತೆ ಇದೆ, ನಕ್ಷೆಯಾಗಿ ಇಲ್ಲ.

ತುರ್ತುಪರಿಸ್ಥಿತಿಯಲ್ಲಿ ಈ ಜೈಲಿನಲ್ಲಿ ಯಾರೆಲ್ಲ ಇದ್ದರು?

1975ರ ಜೂನ್ ಕೊನೆಯ ವಾರದಲ್ಲಿ ಪಕ್ಷಾಂತರ ನಿಷೇಧ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಸಮಿತಿಯ ಸಭೆ ಬೆಂಗಳೂರಿನಲ್ಲಿ ಇತ್ತು. ಅದಕ್ಕಾಗಿ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಸಮಾಜವಾದಿ ನಾಯಕ ಮಧು ದಂಡವತೆ ಮತ್ತು ಇಂದಿರಾ ಗಾಂಧಿ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ್ ಮಿಶ್ರಾ ಅವರನ್ನು ಆಂತರಿಕ ಭದ್ರತಾ ಕಾಯ್ದೆ, ಅಂದರೆ ಜನರ ಬಾಯಲ್ಲಿ ಮೀಸಾ ಎಂದಿದ್ದ ಕಾನೂನಿನಡಿ ಬಂಧಿಸಿ ಸೆಂಟ್ರಲ್ ಜೈಲಿಗೆ ಒಯ್ದರು. ಅಡ್ವಾಣಿಯವರನ್ನು ನಡುವೆ ಕೆಲಕಾಲ ಹರಿಯಾಣದ ರೋಹ್ಟಕ್ ಜೈಲಿಗೆ ಕಳುಹಿಸಿ ಮರಳಿ ತರಲಾಯಿತು. ಕರ್ನಾಟಕದ ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡರೂ ಇದೇ ಗೋಡೆಗಳ ಒಳಗಿದ್ದರು. ಮುಂದೆ ದೇಶದ ಪ್ರಧಾನಿಗಳಾದ ಇಬ್ಬರು ಹೀಗೆ ಒಂದೇ ಜೈಲಿನ ಬಂದಿಗಳಾಗಿದ್ದರು.

ನಟಿ ಹಾಗೂ ರಂಗಕರ್ಮಿ ಸ್ನೇಹಲತಾ ರೆಡ್ಡಿಯವರ ಸೆರೆವಾಸ ಈ ಜೈಲಿನ ಚರಿತ್ರೆಯ ಅತಿ ನೋವಿನ ಪುಟ. 1976ರ ಮೇ ತಿಂಗಳಲ್ಲಿ ಬಂಧನಕ್ಕೊಳಗಾದ ಅವರಿಗೆ ತೀವ್ರವಾದ ಉಬ್ಬಸವಿತ್ತು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೋಣೆಯಿಂದ ಬರುತ್ತಿದ್ದ ಕೂಗು ತಮಗೆ ಕೇಳಿಸುತ್ತಿತ್ತು ಎಂದು ದಂಡವತೆಯವರು ಮುಂದೆ ಬರೆದರು. ಸುಮಾರು ಎಂಟು ತಿಂಗಳ ಬಳಿಕ, ದೇಹ ಪೂರ್ತಿ ಕುಸಿದ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದು ದಿನಗಳಲ್ಲಿ ಅವರು ತೀರಿಕೊಂಡರು. ಗಣ್ಯ ನಾಯಕರ ಹೆಸರುಗಳನ್ನು ಹೇಳುವಾಗ ನಾವು ಅವರ ಹೆಸರನ್ನು ಕೊನೆಗೆ ಸೇರಿಸುವ ರೂಢಿ ತಪ್ಪಬೇಕು. ಈ ಜಾಗದಲ್ಲಿ ಮೊದಲು ನೆನೆಯಬೇಕಾದವರು ಅವರು.

ಆ ಬಂದಿಗಳ ಪ್ರಕರಣಕ್ಕೂ ಅಠಾರ ಕಚೇರಿಗೂ ಏನು ಸಂಬಂಧ?

ನಾಲ್ವರು ಸಂಸದರೂ ತಮ್ಮ ಬಂಧನವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ‘ಬಂದಿಯನ್ನು ನಮ್ಮ ಮುಂದೆ ತಂದು, ಯಾವ ಕಾನೂನಿನಡಿ ಹಿಡಿದಿಟ್ಟಿದ್ದೀರಿ ಎಂದು ತೋರಿಸಿ’ ಎಂದು ನ್ಯಾಯಾಲಯ ಸರ್ಕಾರಕ್ಕೆ ಹೇಳುವ ಆಜ್ಞೆ ಅದು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಸಿ. ಚಾಗ್ಲಾ ಅವರಂಥ ಹಿರಿಯರು ಬೆಂಗಳೂರಿಗೆ ಬಂದು ಅವರ ಪರ ವಾದಿಸಿದರು. ಇಲ್ಲಿನ ವಕೀಲರಲ್ಲಿ ಎಂ. ರಾಮಾ ಜೋಯಿಸ್ ಅವರು ಪ್ರಮುಖರು. ಬಂದಿಗಳ ಪರ ನಿಂತ ಅವರೂ ಬಂಧನಕ್ಕೊಳಗಾಗಿ ಅದೇ ಜೈಲು ಸೇರಿದರು. ಮುಂದೆ ಅವರು ಇದೇ ಹೈಕೋರ್ಟಿನ ನ್ಯಾಯಮೂರ್ತಿಗಳಾದರು.

ಸರ್ಕಾರದ ವಾದ ಸರಳವಾಗಿತ್ತು: ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಅವಕಾಶವನ್ನು ರಾಷ್ಟ್ರಪತಿಗಳ ಆದೇಶ ಅಮಾನತಿನಲ್ಲಿ ಇಟ್ಟಿರುವುದರಿಂದ ಈ ಅರ್ಜಿಗಳನ್ನು ಕೇಳುವುದಕ್ಕೇ ಬರುವುದಿಲ್ಲ. ಕರ್ನಾಟಕ ಹೈಕೋರ್ಟ್ ಇದನ್ನು ಒಪ್ಪದೆ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಹೇಳಿತು. ದೇಶದ ಇನ್ನೂ ಹಲವು ಹೈಕೋರ್ಟುಗಳು ಅದೇ ನಿಲುವು ತಳೆದವು. ಅವೆಲ್ಲವುಗಳ ವಿರುದ್ಧದ ಮೇಲ್ಮನವಿಗಳು ಒಟ್ಟಾಗಿ ಸುಪ್ರೀಂ ಕೋರ್ಟ್ ತಲುಪಿ, 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿ ನಿಂತರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 1978ರ ಸಂವಿಧಾನ ತಿದ್ದುಪಡಿ ಜೀವಿಸುವ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡಲಾಗದಂತೆ ಭದ್ರಪಡಿಸಿತು.

ಆ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ತೀರ್ಪಿನಲ್ಲಿ. ಆ ಪ್ರಕರಣದ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಈ ಕೆಂಪು ಕಟ್ಟಡದಲ್ಲಿ 1975ರಲ್ಲಿ ಎದ್ದ ಪ್ರಶ್ನೆಗೆ ನಾಲ್ಕು ದಶಕಗಳ ಬಳಿಕ ಉತ್ತರ ತಂದವರು ಇದೇ ಕಟ್ಟಡದಲ್ಲಿ ಕುಳಿತು ನ್ಯಾಯ ಹೇಳಿದ್ದವರು.

ಜೈಲು ಮುಚ್ಚಿದ್ದು ಏಕೆ? ಉದ್ಯಾನವಾದದ್ದು ಹೇಗೆ?

ಊರು ಬೆಳೆದು ಜೈಲಿನ ಸುತ್ತ ಕಾಲೇಜುಗಳು, ಅಂಗಡಿಗಳು, ಕಚೇರಿಗಳು ತುಂಬಿಕೊಂಡವು, ಒಳಗೆ ಕೈದಿಗಳ ಸಂಖ್ಯೆಯೂ ಹೆಚ್ಚಿತು. ನಗರದ ಹೊರವಲಯದ ಪರಪ್ಪನ ಅಗ್ರಹಾರದಲ್ಲಿ ಹೊಸ ಕೇಂದ್ರ ಕಾರಾಗೃಹ ಸಿದ್ಧವಾದ ಮೇಲೆ 2000ದ ಹೊತ್ತಿಗೆ ಹಳೆಯ ಜೈಲು ಬರಿದಾಯಿತು. ಸುಮಾರು 21 ಎಕರೆಯ ಆ ಜಾಗವನ್ನು ಹೇಗೆ ಬಳಸಬೇಕೆಂಬುದಕ್ಕೆ ವಿನ್ಯಾಸ ಸ್ಪರ್ಧೆಯೊಂದು ನಡೆದು, ಬೆಂಗಳೂರಿನ ಮ್ಯಾಥ್ಯೂ ಮತ್ತು ಘೋಷ್ ವಾಸ್ತುಶಿಲ್ಪಿಗಳ ನಕ್ಷೆ ಆಯ್ಕೆಯಾಯಿತು. 2008ರ ನವೆಂಬರ್‌ನಲ್ಲಿ ಫ್ರೀಡಂ ಪಾರ್ಕ್ ಜನರಿಗೆ ತೆರೆಯಿತು.

ಆ ವಿನ್ಯಾಸದಲ್ಲಿ ನನಗೆ ಮೆಚ್ಚುಗೆಯಾಗುವ ಸಂಗತಿಯೆಂದರೆ, ಅದು ಜೈಲನ್ನು ಮರೆಮಾಚಲಿಲ್ಲ. ಕಾವಲು ಗೋಪುರ ನಿಂತಿದೆ. ಕೆಲವು ಬ್ಯಾರಕ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ, ಇನ್ನು ಕೆಲವುಗಳ ಸೂರು ತೆಗೆದು ಗೋಡೆಗಳನ್ನಷ್ಟೇ ಬಿಟ್ಟಿದ್ದಾರೆ. ಒಂದು ಕಾಲದಲ್ಲಿ ಕತ್ತಲು ತುಂಬಿದ್ದ ಕಡೆ ಈಗ ಆಕಾಶ ಕಾಣುತ್ತದೆ, ಆದರೂ ಗೋಡೆಗಳ ನಡುವೆ ನಿಂತವರಿಗೆ ಒಳಗಿದ್ದ ಜಾಗ ಎಷ್ಟು ಇಕ್ಕಟ್ಟಾಗಿತ್ತು ಎಂಬುದು ಮೈಗೆ ತಿಳಿಯುತ್ತದೆ. ಹುಲ್ಲುಹಾಸು, ಹೂವಿನ ಪಾತಿಗಳಲ್ಲಿ ಎಲ್ಲವನ್ನೂ ಮುಚ್ಚಿಬಿಟ್ಟಿದ್ದರೆ ಈ ಅನುಭವ ಸಿಗುತ್ತಿರಲಿಲ್ಲ.

ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕಿನಲ್ಲೇ ನಡೆಯುವುದು ಏಕೆ?

ಉದ್ಯಾನದ ಒಂದು ಭಾಗವನ್ನು ಮೊದಲಿನಿಂದಲೂ ಸಭೆ, ಧರಣಿಗಳಿಗೆಂದು ಮೀಸಲಿಡಲಾಗಿತ್ತು. ರಸ್ತೆಗಳಲ್ಲಿ ಮೆರವಣಿಗೆಗಳಿಂದ ಸಂಚಾರಕ್ಕೆ ಅಡಚಣೆಯಾಗುತ್ತದೆ ಎಂಬ ವಿಷಯವನ್ನು ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಬಳಿಕ, 2021ರಲ್ಲಿ ಹೊರಟ ಪರವಾನಗಿ ನಿಯಮಗಳ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇದೊಂದೇ ಜಾಗವಾಗಿದೆ. ಅಂಗನವಾಡಿ ಕಾರ್ಯಕರ್ತೆಯರು, ರೈತರು, ಗುತ್ತಿಗೆ ನೌಕರರು ದೂರದ ಜಿಲ್ಲೆಗಳಿಂದ ಬಂದು ರಾತ್ರಿ ಇಲ್ಲಿಯೇ ಮಲಗಿ ಕಳೆಯುವುದುಂಟು. ಭಿನ್ನಮತಕ್ಕಾಗಿ ಜನರನ್ನು ಕೂಡಿಟ್ಟ ಸ್ಥಳದಲ್ಲಿ ಭಿನ್ನಮತವನ್ನು ಗಟ್ಟಿಯಾಗಿ ಹೇಳಲು ಜಾಗ ಸಿಕ್ಕಿರುವುದು ಅರ್ಥಪೂರ್ಣ. ಆದರೆ ನಗರದ ಬೇರೆ ಯಾವ ರಸ್ತೆಯಲ್ಲೂ ಹೇಳಬಾರದು ಎಂಬ ನಿಯಮದಿಂದ, ಹೇಳಿದ್ದು ಕೇಳಬೇಕಾದವರ ಕಿವಿಗೆ ಬೀಳದೆ ಹೋಗುವ ಅಪಾಯವಿದೆ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ.

ಎರಡನ್ನೂ ಒಂದೇ ದಿನದಲ್ಲಿ ನೋಡಬಹುದೇ?

ನೋಡಬಹುದು. ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಬಂದು ವಿಧಾನಸೌಧದ ಬಳಿಯ ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿದರೆ ಅಠಾರ ಕಚೇರಿ ಎದುರಿಗೇ ಇದೆ. ಇದು ಕೆಲಸ ನಡೆಯುತ್ತಿರುವ ನ್ಯಾಯಾಲಯವಾದ್ದರಿಂದ ಒಳಗೆ ಹೋಗಲು ಭದ್ರತಾ ತಪಾಸಣೆ ಮತ್ತು ಪ್ರವೇಶ ಚೀಟಿಯ ನಿಯಮಗಳಿವೆ, ಕೋರ್ಟ್ ಹಾಲ್‌ಗಳಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ. ವಿಧಾನಸೌಧದ ಕಡೆಯ ಮುಂಭಾಗವನ್ನು ಪಾದಚಾರಿ ಮಾರ್ಗದಿಂದ ನೋಡಿ, ಕಬ್ಬನ್ ಪಾರ್ಕಿನ ಒಳಗೆ ಸುತ್ತಿ ಬ್ಯಾಂಡ್‌ಸ್ಟ್ಯಾಂಡಿನ ಬಳಿ ತಿರುಗಿ ನಿಂತರೆ ಕಟ್ಟಡದ ಇನ್ನೊಂದು ಮುಖದ ಅಂದಾಜು ಸಿಗುತ್ತದೆ. ಅಲ್ಲಿಂದ ಕೆ.ಆರ್. ವೃತ್ತಕ್ಕೆ ಬಂದು ಶೇಷಾದ್ರಿ ರಸ್ತೆ ಹಿಡಿದರೆ ಫ್ರೀಡಂ ಪಾರ್ಕ್ ಸಿಗುತ್ತದೆ. ನೇರವಾಗಿ ಅಲ್ಲಿಗೇ ಹೋಗುವವರಿಗೆ ಸೆಂಟ್ರಲ್ ಕಾಲೇಜಿನ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ ಹತ್ತಿರ. ಧರಣಿ ಇರುವ ದಿನಗಳಲ್ಲಿ ಪೊಲೀಸ್ ತಡೆಬೇಲಿಗಳಿರುತ್ತವೆ. ಬೆಳಿಗ್ಗೆ ಬೇಗ ಹೋದರೆ ಕಾವಲು ಗೋಪುರದ ಸುತ್ತ ನಿಧಾನವಾಗಿ ನಡೆಯಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಗೋಪುರದ ಬುಡದಲ್ಲಿ ಅವರನ್ನು ನಿಲ್ಲಿಸಿ, ಎಷ್ಟು ಅಂಗಳಗಳು ಕಾಣುತ್ತವೆ ಎಂದು ಎಣಿಸಲು ಹೇಳಿ. ನಕ್ಷೆಯ ಉದ್ದೇಶ ಅವರಿಗೆ ಯಾವ ವಿವರಣೆಯೂ ಇಲ್ಲದೆ ಗೊತ್ತಾಗುತ್ತದೆ.